ಆರೈಕೆ ಮನೆಯಲ್ಲಿರುವ ಹಿರಿಯರ ಪೂಜೆ, ಪ್ರಾರ್ಥನೆ, ಮನಸ್ಸಿನ ಮಾತು: ನೋಡಿಕೊಳ್ಳುವವರು ಯಾರು?

ಹಾವೇರಿಯ ಮಗಳು
ನನ್ನ ಅವ್ವನಿಗೆ 81 ವರ್ಷ. ಸೊಂಟದ ಮೂಳೆ ಮುರಿದ ಮೇಲೆ ತಾನಾಗಿ ಹಾಸಿಗೆಯಿಂದ ಏಳಲಾರಳು. ಮನೆಯಲ್ಲಿ ಎಂಟು ತಿಂಗಳು ನೋಡಿಕೊಂಡು, ನಮ್ಮ ಕೈಯಲ್ಲಿ ಆಗದೆಂದು ತಿಳಿದ ಮೇಲೆ, ಶುಶ್ರೂಷೆಯ ವ್ಯವಸ್ಥೆಯಿರುವ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಜಾಗ ಸ್ವಚ್ಛವಾಗಿದೆ, ಊಟ ಚೆನ್ನಾಗಿದೆ, ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಈ ಬಗ್ಗೆ ನನ್ನ ತಕರಾರಿಲ್ಲ.

ಮೂರನೆಯ ವಾರ ಹೋದಾಗ ಅವ್ವ ಸೊರಗಿದ್ದಳು. ಬೆಳಗಿನ ತಿಂಡಿ ಮುಟ್ಟುತ್ತಿಲ್ಲವೆಂದು ಸಿಸ್ಟರ್ ಹೇಳಿದರು. ದಾಖಲೆ ಪುಸ್ತಕದಲ್ಲಿ ಸತತ ಹನ್ನೊಂದು ದಿನ “ಆಹಾರ ನಿರಾಕರಣೆ” ಎಂದು ಬರೆದಿತ್ತು. ಹಸಿವಾಗಲೆಂದು ಒಂದು ಸಿರಪ್ಪು, ಮನಸ್ಸು ಹಗುರಾಗಲೆಂದು ಒಂದು ಮಾತ್ರೆ ಶುರುವಾಗಿದ್ದವು. ಅವ್ವನ ಕೊರಳು ನೋಡಿದೆ. ಸದಾ ಧರಿಸುವ ಇಷ್ಟಲಿಂಗವಿರಲಿಲ್ಲ. ಮೊದಲ ವಾರವೇ ಸ್ನಾನ ಮಾಡಿಸುವಾಗ ಬಿಚ್ಚಿ, ಲಿಂಗವಿಡುವ ಕರಡಿಗೆ ಬೆಳ್ಳಿಯದೆಂಬ ಕಾರಣಕ್ಕೆ, ಬಳೆ ಉಂಗುರಗಳ ಜೊತೆ ಕಚೇರಿಯ ಬೀರುವಿನಲ್ಲಿ ಇಟ್ಟು ಚೀಟಿ ಅಂಟಿಸಿದ್ದರು. ಲಿಂಗಪೂಜೆಯಿಲ್ಲದೆ ಬಾಯಿಗೆ ನೀರನ್ನೂ ಹಾಕದೆ ಅರವತ್ತು ವರ್ಷ ಬಾಳಿದವಳು ಅದನ್ನು ಯಾರಿಗೂ ಹೇಳಿರಲಿಲ್ಲ. “ಕೇಳಿದರೆ ಕೊಡುತ್ತಿದ್ದರೋ ಏನೋ, ಆದರೆ ಅವರಿಗೆ ಕೆಲಸ ಹೆಚ್ಚು, ನಾನು ಇನ್ನೊಂದು ಹೇಳಲೇ?” ಎಂದಳು.

ಬೇಕೆಂದೇ ಯಾರೂ ಹೀಗೆ ಮಾಡಲಿಲ್ಲ ಎನ್ನುವುದು ನನಗೆ ಗೊತ್ತು. ಆದರೆ ಸೇರಿಸುವ ದಿನ ನಾಲ್ಕು ಪುಟದ ಅರ್ಜಿ ತುಂಬಿದ್ದೆ. ಸಕ್ಕರೆ, ರಕ್ತದೊತ್ತಡ, ಮಲವಿಸರ್ಜನೆ ಎಲ್ಲದರ ಪ್ರಶ್ನೆಯೂ ಅದರಲ್ಲಿತ್ತು. “ಇವರು ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಾರೆ” ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಇರಲಿಲ್ಲ. ನಿಮ್ಮ ಮನೆಯ ಹಿರಿಯರಿರುವ ಕಡೆ ಇದನ್ನೆಲ್ಲ ಯಾರು ಗಮನಿಸುತ್ತಾರೆ? ಸಂಸ್ಥೆಯವರ ಬಳಿ ಏನೆಂದು ಕೇಳಬೇಕು?

ರಾತ್ರಿ ಪಾಳಿಯ ಸಿಸ್ಟರ್
ಅಕ್ಕಾವರೇ, ಓದಿ ಸಂಕಟವಾಯಿತು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವುದರಿಂದ ಆ ಆಯಾ ಯಾಕೆ ಹಾಗೆ ಮಾಡಿರಬಹುದೆಂದು ಹೇಳಬಲ್ಲೆ. ಬೆಳಿಗ್ಗೆ ಐದರಿಂದ ಎಂಟರೊಳಗೆ ಒಬ್ಬಳೇ ಹತ್ತು ಹನ್ನೆರಡು ಜನರ ಡೈಪರ್ ಬದಲಿಸಿ, ಮೈ ಒರೆಸಿ, ತಲೆ ಬಾಚಿ, ತಿಂಡಿಗೆ ಕೂರಿಸಬೇಕು. ಚಿನ್ನ ಬೆಳ್ಳಿ ಕಳೆದರೆ ಮೊದಲು ಅನುಮಾನ ಬರುವುದು ಅವಳ ಮೇಲೆಯೇ, ಸಂಬಳದಲ್ಲಿ ಹಿಡಿಯುವ ಕಡೆಗಳೂ ಉಂಟು. ಹಾಗಾಗಿ ಬೆಳ್ಳಿ ಕಂಡ ಕೂಡಲೇ ಬಿಚ್ಚಿ ಬೀರುವಿಗೆ ಕೊಡುವುದು ಅವಳ ಪಾಲಿಗೆ ಪ್ರಾಮಾಣಿಕತೆ.

ನಾನು ಹೇಳುವುದು ಇಷ್ಟು. ಬೆಳ್ಳಿಯ ಕರಡಿಗೆಯನ್ನು ಮನೆಗೆ ಒಯ್ಯಿರಿ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಶಿವದಾರದಲ್ಲಿ ಹಾಕಿ. ಕೇಸ್ ಶೀಟಿನ ಮೊದಲ ಪುಟದಲ್ಲಿ, ಅಲರ್ಜಿ ಬರೆಯುವ ಜಾಗದ ಕೆಳಗೆ, ಕೆಂಪು ಶಾಯಿಯಲ್ಲಿ “ಕೊರಳಿನ ಲಿಂಗ ತೆಗೆಯಬಾರದು, ಪೂಜೆಯಾದ ಮೇಲೆ ತಿಂಡಿ” ಎಂದು ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಪಾಳಿ ಬದಲಾದೊಡನೆ ಮರೆತುಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ನಿವೃತ್ತ ಲೆಕ್ಕಾಧಿಕಾರಿ
ಸಂಸ್ಥೆಯವರ ಪರವಾಗಿಯೂ ಒಂದು ಮಾತಿದೆ. ತಿಂಗಳಿಗೆ ಕೊಡುವ ಹಣಕ್ಕೆ ಅವರು ಊಟ, ವಸತಿ, ಶುಶ್ರೂಷೆ ಕೊಡುತ್ತಾರೆ. ಒಬ್ಬೊಬ್ಬರ ಆಚಾರಕ್ಕೂ ಒಬ್ಬೊಬ್ಬ ನೌಕರನನ್ನು ಇಡಲು ಸಾಧ್ಯವೇ? ನನ್ನ ಅಣ್ಣ ಇರುವ ಆಶ್ರಮದಲ್ಲಿ ದಿನವೂ ಸಂಜೆ ಆರಕ್ಕೆ ಭಜನೆ ಇದೆ, ಕಾರ್ತಿಕದಲ್ಲಿ ದೀಪ ಹಚ್ಚುತ್ತಾರೆ, ಯುಗಾದಿಗೆ ಬೇವು ಬೆಲ್ಲ ಹಂಚುತ್ತಾರೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಪೂಜೆ ಪುನಸ್ಕಾರ ಮಕ್ಕಳ ಹೊಣೆ.

ಕೊಠಡಿ ಹದಿನಾಲ್ಕು
ಲೆಕ್ಕಾಧಿಕಾರಿಗಳೇ, ನಾನು ಅಂಥ ಒಂದು ಆಶ್ರಮದಲ್ಲಿ ಮೂರು ವರ್ಷದಿಂದ ಇರುವವನು. ಈ ಚರ್ಚೆಯಲ್ಲಿ ಒಳಗಿನಿಂದ ಮಾತನಾಡುತ್ತಿರುವವನು ನಾನೊಬ್ಬನೇ ಇರಬಹುದು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ದೇವರನ್ನು ನಂಬಿದವನಲ್ಲ, ಈಗ 78ನೆಯ ವಯಸ್ಸಿನಲ್ಲಿ ನಂಬಲು ಆರಂಭಿಸುವ ಇಚ್ಛೆಯೂ ಇಲ್ಲ. ನಮ್ಮಲ್ಲಿಯೂ ಸಂಜೆ ಆರಕ್ಕೆ ಭಜನೆ ಇದೆ. ಗಾಲಿಕುರ್ಚಿಯಲ್ಲಿರುವವರನ್ನೆಲ್ಲ ಕೇಳದೆ ತಳ್ಳಿಕೊಂಡು ಹೋಗಿ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಒಬ್ಬರು ಕ್ರೈಸ್ತ ಅಜ್ಜಿ ಇದ್ದಾರೆ, ಅವರನ್ನೂ ಹಾಗೆಯೇ ಕೂರಿಸುತ್ತಾರೆ. ಧ್ವನಿವರ್ಧಕದಲ್ಲಿ ಹಾಡು ಬರುತ್ತದೆ, ಯಾರೂ ಹಾಡುವುದಿಲ್ಲ. ಅರ್ಧ ಗಂಟೆಯ ನಂತರ ಮತ್ತೆ ತಳ್ಳಿಕೊಂಡು ಬರುತ್ತಾರೆ. ಭಜನೆಯಲ್ಲಿ ನಿಜವಾಗಿ ಮನಸ್ಸಿಟ್ಟವರು ನಾಲ್ವರೋ ಐವರೋ ಇದ್ದಾರೆ, ಅವರಿಗೆ ಅದು ಬೇಕು, ಅದನ್ನು ನಿಲ್ಲಿಸಿ ಎಂದು ನಾನು ಎಂದೂ ಹೇಳುವುದಿಲ್ಲ.

ನನಗೆ ಬೇಕಾಗಿದ್ದದ್ದು ಬೇರೆ. ಹೆಂಡತಿ ತೀರಿಕೊಂಡ ಮೇಲೆ, ಅವಳ ಕೊನೆಯ ದಿನಗಳಲ್ಲಿ ವೆಂಟಿಲೇಟರಿಗೆ ಹಾಕಲು ನಾನು ಒಪ್ಪಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ನನ್ನನ್ನು ರಾತ್ರಿಯಿಡೀ ಕಾಡುತ್ತಿತ್ತು. ಡಾಕ್ಟರು ನಿದ್ರೆಯ ಮಾತ್ರೆ ಕೊಟ್ಟರು. ಮಗ ಫೋನಿನಲ್ಲಿ “ಅದನ್ನೆಲ್ಲ ಯೋಚಿಸಬೇಡಿ ಅಪ್ಪ” ಎಂದ. ಕೊನೆಗೆ ನನ್ನ ಮಾತು ಕೇಳಿದವನು ರಾತ್ರಿ ಕಾವಲಿಗೆ ಬರುತ್ತಿದ್ದ ಒಬ್ಬ ಹುಡುಗ. ಅವನು ಏನೂ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಅಂದು ಮಾತ್ರೆಯಿಲ್ಲದೆ ಮಲಗಿದೆ. ಆ ಹುಡುಗ ಕೊಟ್ಟದ್ದಕ್ಕೆ ನೀವು ಆಧ್ಯಾತ್ಮಿಕ ಆರೈಕೆ ಎನ್ನುವಿರೋ ಬೇರೇನಾದರೂ ಎನ್ನುವಿರೋ ನನಗೆ ತಿಳಿಯದು, ಆದರೆ ಅದು ಭಜನೆಯ ವೇಳಾಪಟ್ಟಿಯಲ್ಲಿ ಸಿಗುವಂಥದ್ದಲ್ಲ.

ನೋವು ಶಮನದ ಸ್ವಯಂಸೇವಕಿ, ಬೆಂಗಳೂರು
ಹದಿನಾಲ್ಕನೆಯ ಕೊಠಡಿಯ ಗುರುಗಳೇ, ನೀವು ಹೇಳಿದ್ದೇ ಈ ಕ್ಷೇತ್ರದ ಮೂಲಪಾಠ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಅವರು ನೋವನ್ನು ಇಡಿಯಾಗಿ ನೋಡಬೇಕೆಂದು ಕಲಿಸಿದರು: ದೇಹದ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಬದುಕಿನ ಅರ್ಥವೇ ಕಳಚಿದಂತಾಗುವ ನೋವು, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಔಷಧಿ ಕೊಟ್ಟರೆ ಔಷಧಿಯ ಪ್ರಮಾಣ ಏರುತ್ತದೆಯೇ ಹೊರತು ನೋವು ಇಳಿಯುವುದಿಲ್ಲ. ಹಾವೇರಿಯ ಅಕ್ಕನ ತಾಯಿಗೆ ಹಸಿವಿನ ಸಿರಪ್ಪು ಕೊಟ್ಟದ್ದು ಅದಕ್ಕೆ ನೇರ ಉದಾಹರಣೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಉಪಶಮನ ಆರೈಕೆಯನ್ನು ವಿವರಿಸುವಾಗ ಆಧ್ಯಾತ್ಮಿಕ ತೊಂದರೆಗಳನ್ನೂ ಹೆಸರಿಸಿ ಸೇರಿಸಿತು.

ನಾವು ತರಬೇತಿಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕಲಿತೆವು. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಖಾಲ್ಸ್ಕಿ ಮತ್ತು ಸಂಗಡಿಗರು ರೂಪಿಸಿದ ಕ್ರಮವದು. ನಿಮಗೆ ಯಾವುದರಲ್ಲಿ ನಂಬಿಕೆ, ಕಷ್ಟದಲ್ಲಿ ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ? ಅದಕ್ಕೆ ನಿಮ್ಮ ಬದುಕಿನಲ್ಲಿ ಎಷ್ಟು ಮಹತ್ವ? ಅದರಲ್ಲಿ ನಿಮ್ಮ ಜೊತೆಗಾರರು ಯಾರು? ನಾವು ಇಲ್ಲಿ ಅದಕ್ಕಾಗಿ ಏನು ಮಾಡಬೇಕು? ಕನ್ನಡದಲ್ಲಿ ನಾನು ಇವನ್ನು ಹೀಗೆ ನೇರವಾಗಿ ಕೇಳುವುದಿಲ್ಲ. “ಅಜ್ಜಿ, ಮನೆಯಲ್ಲಿದ್ದಾಗ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ?” ಎಂದು ಶುರು ಮಾಡಿದರೆ ಸಾಕು, ರಂಗೋಲಿಯಿಂದ ತುಳಸಿಕಟ್ಟೆಗೆ, ಅಲ್ಲಿಂದ ತೀರಿಹೋದ ಮಗುವಿನವರೆಗೆ ಮಾತು ತಾನಾಗಿ ಹೋಗುತ್ತದೆ.

ನಿವೃತ್ತ ಲೆಕ್ಕಾಧಿಕಾರಿ
ಮೇಷ್ಟ್ರ ಬರಹ ಓದಿ ನನ್ನ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಆದರೆ ಉಳಿದರ್ಧ ನಿಂತಿದೆ. ಕೂತು ಕೇಳುವವನ ಸಮಯಕ್ಕೆ ಸಂಬಳ ಕೊಡುವವರು ಯಾರು? ಆ ಕಾವಲು ಹುಡುಗ ಒಂದು ರಾತ್ರಿ ಕೇಳಿದ. ಅರವತ್ತು ಜನರ ಮಾತನ್ನು ಯಾರು ಕೇಳಬೇಕು?

ವಕೀಲರು, ಧಾರವಾಡ
ಇಲ್ಲಿ ಕಾನೂನು ಏನು ಹೇಳುತ್ತದೆಂದು ತಿಳಿಸುತ್ತೇನೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ 2007ರ 19ನೆಯ ಪ್ರಕರಣವು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು, ತಲಾ 150 ನಿರ್ಗತಿಕ ಹಿರಿಯರಿಗೆ ಸಾಲುವಂಥ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆನ್ನುತ್ತದೆ. ಅದೇ ಪ್ರಕರಣದ ಎರಡನೆಯ ಉಪಪ್ರಕರಣದಲ್ಲಿ, ಆಶ್ರಮಗಳ ನಿರ್ವಹಣೆಗೆ ಯೋಜನೆ ರೂಪಿಸುವಾಗ ನಿವಾಸಿಗಳ ವೈದ್ಯಕೀಯ ಆರೈಕೆಗೂ ಮನರಂಜನೆಗೂ ಅಗತ್ಯವಾದ ಸೇವೆಗಳನ್ನು ಗೊತ್ತುಪಡಿಸಬಹುದೆಂದಿದೆ. ಔಷಧಿ ಮತ್ತು ಮನರಂಜನೆ, ಈ ಎರಡರ ನಡುವಿನ ಇಡೀ ಬದುಕು ಆ ವಾಕ್ಯದಲ್ಲಿಲ್ಲ. ಬಹಳಷ್ಟು ಕಡೆ ಭಜನೆಯೂ ಟಿವಿಯೂ ಒಂದೇ ವೇಳಾಪಟ್ಟಿಯಲ್ಲಿ ಬರುವುದಕ್ಕೆ ಇದೇ ಮನೋಭಾವ ಕಾರಣವೆಂದು ನನಗನ್ನಿಸುತ್ತದೆ.

ಬಂದರು ರಸ್ತೆಯ ಮಗ
ನನ್ನ ಅಬ್ಬಾ ಎರಡು ವರ್ಷ ಇಂಥ ಮನೆಯಲ್ಲಿದ್ದು ಕಳೆದ ವರ್ಷ ತೀರಿಕೊಂಡರು. ನೋಡಿಕೊಳ್ಳುವವರಲ್ಲಿ ಒಬ್ಬರೂ ಮುಸ್ಲಿಮರಿರಲಿಲ್ಲ. ಆದರೂ ಅಲ್ಲಿ ನಡೆದದ್ದನ್ನು ನಾನು ಜೀವ ಇರುವವರೆಗೆ ನೆನೆಯುತ್ತೇನೆ.

ಪಾರ್ಶ್ವವಾಯುವಿನಿಂದ ಎಡಗೈ ಬಿದ್ದುಹೋಗಿದ್ದ ಅಬ್ಬಾ, ವುಜೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಮಾಡಲಾಗದೆಂದು ನಮಾಜನ್ನೇ ಬಿಟ್ಟು ಮಂಕಾಗಿದ್ದರು. ಮಸೀದಿಯ ಮೌಲಾನಾ ಬಂದು, ನೀರು ಬಳಸಲಾಗದವರು ಶುದ್ಧ ಮಣ್ಣನ್ನು ಮುಟ್ಟಿ ತಯಮ್ಮುಮ್ ಮಾಡಬಹುದು, ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ಸನ್ನೆಯಲ್ಲಿಯೇ ನಮಾಜು ಮಾಡಬಹುದು ಎಂದು ಬಿಡಿಸಿ ಹೇಳಿದರು. ಅಬ್ಬಾಗೆ ಇದು ಗೊತ್ತಿರದ ವಿಷಯವಲ್ಲ. ಆದರೆ ತನಗೂ ಅನ್ವಯಿಸುತ್ತದೆಂದು ಬೇರೆಯವರ ಬಾಯಿಂದ ಕೇಳಬೇಕಿತ್ತು. ಮೇಲ್ವಿಚಾರಕಿಯಾಗಿದ್ದ ಅಮ್ಮನವರು ಒಂದು ಪುಟ್ಟ ಮಡಕೆಯಲ್ಲಿ ಜರಡಿ ಹಿಡಿದ ಮಣ್ಣು ತಂದು ಹಾಸಿಗೆಯ ಪಕ್ಕ ಇಟ್ಟರು, ಮಕ್ಕಾದ ದಿಕ್ಕು ತಿಳಿಯಲೆಂದು ಗೋಡೆಯ ಮೇಲೆ ಪಶ್ಚಿಮಕ್ಕೆ ತುಸು ಉತ್ತರ ವಾಲಿದಂತೆ ಸೀಮೆಸುಣ್ಣದ ಬಾಣ ಬರೆದು ಮಂಚವನ್ನೇ ತಿರುಗಿಸಿದರು.

ರಂಜಾನಿನಲ್ಲಿ ಮಾತ್ರ ಜಗಳವಾಯಿತು. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸವಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದೆಂದು ಡಾಕ್ಟರು ತಡೆದರು, ಅಬ್ಬಾ ಹಟ ಹಿಡಿದರು. ಆಗಲೂ ಮೌಲಾನಾ ಅವರೇ ಬಂದು, ಗುಣವಾಗುವ ಭರವಸೆಯಿಲ್ಲದ ರೋಗಿಗೆ ರೋಜಾದ ಬದಲು ದಿನಕ್ಕೊಬ್ಬ ಬಡವರ ಊಟದ ಫಿದ್ಯಾ ಸಾಕೆಂದರು. ಆ ತಿಂಗಳ ಫಿದ್ಯಾವನ್ನು ಅಬ್ಬಾ ತಮ್ಮ ಪೆನ್ಷನ್ನಿನಿಂದಲೇ ಕೊಟ್ಟರು. ಲೆಕ್ಕಾಧಿಕಾರಿಗಳೇ, ಇಷ್ಟಕ್ಕೆಲ್ಲ ಆದ ಖರ್ಚು ಒಂದು ಮಡಕೆ, ಒಂದು ಸೀಮೆಸುಣ್ಣ.

ಹಿರಿಯರ ವೈದ್ಯ
ಮೇಲಿನ ಬರಹಕ್ಕೆ ಪೂರಕವಾಗಿ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು, ಏಕೆಂದರೆ ಭಕ್ತಿಯಿಂದ ಮಾಡಿದ ಕೆಲಸವೇ ಅಪಾಯ ತಂದದ್ದನ್ನು ನೋಡಿದ್ದೇನೆ.

ಪಾರ್ಶ್ವವಾಯು ಅಥವಾ ಮರೆವಿನ ಕಾಯಿಲೆಯಿಂದ ನುಂಗುವ ಶಕ್ತಿ ಕುಂದಿದವರಿಗೆ ತೀರ್ಥ ಕುಡಿಸಬೇಡಿ. ನೀರಿನಂಥ ತೆಳು ದ್ರವವೇ ಎಲ್ಲಕ್ಕಿಂತ ಸುಲಭವಾಗಿ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರುತ್ತದೆ. ಹತ್ತಿಯನ್ನು ತೀರ್ಥದಲ್ಲಿ ಅದ್ದಿ ಹಿಂಡಿ ತುಟಿಗೆ ಸವರಿದರೆ ಸಾಕು, ಕೊನೆಗಾಲದ ಗಂಗಾಜಲಕ್ಕೂ ಇದೇ ಮಾತು. ತುಳಸಿಯ ದಳವನ್ನು ಬಾಯೊಳಗೆ ಹಾಕುವ ಬದಲು ಕೈಯಲ್ಲಿ ಇರಿಸಿ. ಆಕ್ಸಿಜನ್ ನಡೆಯುತ್ತಿರುವ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ ಯಾವುದನ್ನೂ ಹಚ್ಚುವಂತಿಲ್ಲ, ಅಲ್ಲಿ ಬಟ್ಟೆ ಹಾಸಿಗೆಗಳು ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಬ್ಯಾಟರಿಯ ದೀಪ ಇಡಿ. ಉಬ್ಬಸವಿರುವವರ ಪಕ್ಕದ ಮಂಚದವರೂ ಊದುಬತ್ತಿ ಹಚ್ಚದಿರಲಿ.

ಆದರೆ ಇದನ್ನೇ ನೆಪ ಮಾಡಿಕೊಂಡು ಎಲ್ಲವನ್ನೂ ನಿಷೇಧಿಸುವ ಆಡಳಿತಗಳಿಗೂ ನನ್ನ ವಿರೋಧವಿದೆ. ಏನನ್ನು ಮಾಡಬಾರದೆಂದು ಹೇಳುವ ವೈದ್ಯನು ಅದರ ಬದಲಿಗೆ ಏನನ್ನು ಮಾಡಬಹುದೆಂದೂ ಹೇಳಬೇಕು.

ಶಿವಮೊಗ್ಗದ ಮೊಮ್ಮಗಳು
ಅಜ್ಜಿಗೆ ಡಿಮೆನ್ಷಿಯಾ. ನನ್ನ ಹೆಸರು ಮರೆತು ಎರಡು ವರ್ಷವಾಯಿತು. ಆದರೆ ದೇವರನಾಮದ ಮೊದಲ ಸಾಲು ಹೇಳಿದರೆ ಮುಂದಿನ ನಾಲ್ಕು ಸಾಲನ್ನು ರಾಗ ತಪ್ಪದೆ ಹಾಡುತ್ತಾರೆ. ಚಿಕ್ಕಂದಿನಲ್ಲಿ ಕಲಿತ ಹಾಡು, ಕೈ ಮುಗಿಯುವ ರೂಢಿ, ಜಪಮಣಿ ಎಣಿಸುವ ಬೆರಳಿನ ಚಲನೆ ಎಲ್ಲಕ್ಕಿಂತ ಕೊನೆಗೆ ಹೋಗುತ್ತವೆಂದು ಡಾಕ್ಟರು ವಿವರಿಸಿದರು. ಆದರೆ ಆಶ್ರಮದವರು ಇದನ್ನು ಕೇಳಿ ಉತ್ಸಾಹದಿಂದ ದಿನವಿಡೀ ಮೊಬೈಲಿನಲ್ಲಿ ಭಕ್ತಿಗೀತೆ ಹಾಕಿಟ್ಟರು. ಮೂರನೆಯ ದಿನಕ್ಕೆ ಅಜ್ಜಿ ಕಿವಿ ಮುಚ್ಚಿಕೊಂಡು ಅಳತೊಡಗಿದರು. ಯಾರಾದರೂ ಎದುರು ಕೂತು, ಕೈ ಹಿಡಿದು, ಒಂದು ಸಾಲು ಹಾಡಿ ಕಾಯಬೇಕು. ಯಂತ್ರ ಕಾಯುವುದಿಲ್ಲ.

ರಾತ್ರಿ ಪಾಳಿಯ ಸಿಸ್ಟರ್
ಈ ಮಾತನ್ನು ನಮ್ಮ ಎಲ್ಲ ಆಯಾಗಳಿಗೂ ಓದಿ ಹೇಳುತ್ತೇನೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅವರಲ್ಲಿ ಎಷ್ಟೋ ಜನ ತಮಗೆ ಏನು ಬೇಕೆಂದು ಬಾಯಿಬಿಟ್ಟು ಹೇಳಲಾರರು. ಆದ್ದರಿಂದಲೇ ಮೊದಲ ದಿನವೇ ಮನೆಯವರಿಂದ ಕೇಳಿ ಬರೆದುಕೊಳ್ಳಬೇಕು.

ಕರಾವಳಿಯ ಕ್ರೈಸ್ತ ಸೋದರಿ
ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಪಾದ್ರಿಗಳನ್ನು ಕರೆದರೆ ಸಾವು ಬಂದಂತೆ ಎಂದು ಮನೆಯವರು ಕೊನೆಯ ಗಂಟೆಯವರೆಗೂ ಕರೆಯುವುದಿಲ್ಲ. ಪಾದ್ರಿಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಸಂಸ್ಕಾರವನ್ನು 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು (ಪೋಪ್) ಪರಿಷ್ಕರಿಸಿದ ಮೇಲೆ, ತೀವ್ರ ಕಾಯಿಲೆಯವರೂ ವೃದ್ಧಾಪ್ಯದಿಂದ ಬಲಗುಂದಿದವರೂ ಅದನ್ನು ಪಡೆಯಬಹುದು, ಮತ್ತೆ ಮತ್ತೆ ಪಡೆಯಬಹುದು. ಪ್ರಜ್ಞೆ ಇರುವಾಗಲೇ ಕರೆಯಿರಿ. ಮೇಷ್ಟ್ರು ಹೇಳಿದ ಆ ಕ್ರೈಸ್ತ ಅಜ್ಜಿಯ ಬಗ್ಗೆ ಹತ್ತಿರದ ಚರ್ಚಿಗೆ ಒಂದು ಫೋನು ಮಾಡಿದರೆ ಸಾಕು, ಪರಮಪ್ರಸಾದವನ್ನು ಹಾಸಿಗೆಯ ಬಳಿಗೇ ತಂದುಕೊಡುತ್ತಾರೆ. ದಯವಿಟ್ಟು ಅವರನ್ನೊಮ್ಮೆ ಕೇಳಿ ನೋಡಿ, ಸರ್.

ಕೊಠಡಿ ಹದಿನಾಲ್ಕು
ನಾಳೆಯೇ ಕೇಳುತ್ತೇನೆ.

ಮಲ್ಲೇಶ್ವರದ ಓದುಗ
ಒಂದು ಆತಂಕ ಹೇಳಿಕೊಳ್ಳುತ್ತೇನೆ, ಯಾರೂ ಅನ್ಯಥಾ ಭಾವಿಸಬಾರದು. ಕೈಲಾಗದವರ ಹಾಸಿಗೆಯ ಬಳಿ ಸೇವೆಯ ಹೆಸರಿನಲ್ಲಿ ಬಂದು ತಮ್ಮ ಧರ್ಮವನ್ನೋ ತಮ್ಮ ಗುರುವನ್ನೋ ಹೇರುವವರು ಎಲ್ಲ ಕಡೆಯೂ ಇದ್ದಾರೆ. ನನ್ನ ತಂದೆಗೆ ಒಬ್ಬ ಸ್ವಯಂಸೇವಕರು ತಮ್ಮ ಬಾಬಾರ ಚಿತ್ರ ಕೊಟ್ಟು ದಿನವೂ ಪೂಜಿಸಲು ಒತ್ತಾಯಿಸಿದ್ದರು. ಹಾಸಿಗೆ ಹಿಡಿದವರು ಎದ್ದುಹೋಗಲಾರರು, ಅದು ಮರೆಯಬಾರದ ಸಂಗತಿ.

ನೋವು ಶಮನದ ಸ್ವಯಂಸೇವಕಿ, ಬೆಂಗಳೂರು
ನಿಮ್ಮ ಆತಂಕ ಸರಿಯಾದದ್ದು. ಬೋಧಿಸಕೂಡದು, ಕೇಳದೆ ಪ್ರಾರ್ಥಿಸಕೂಡದು, ನಿಮ್ಮ ನಂಬಿಕೆಯನ್ನು ಅವರು ಕೇಳಿದರೂ ಎರಡು ಮಾತಿನಲ್ಲಿ ಹೇಳಿ ಅವರ ಕಡೆಗೇ ಮರಳಬೇಕು ಎಂಬುದು ನಮಗೆ ಹಾಕಿದ ಮೊದಲ ಕಟ್ಟುಪಾಡು. ಅದನ್ನು ಮುರಿದವರನ್ನು ಮತ್ತೆ ಕಳುಹಿಸುವುದಿಲ್ಲ.

ನ್ಯೂಜೆರ್ಸಿಯ ಸೊಸೆ
ಇಲ್ಲಿನ ಅನುಭವವನ್ನೂ ಸೇರಿಸುತ್ತೇನೆ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಇರುವವರಿಗೆ ಧಾರ್ಮಿಕ ಚಟುವಟಿಕೆಗಳಲ್ಲಿ ಭಾಗವಹಿಸುವ ಹಕ್ಕು ಫೆಡರಲ್ ನಿಯಮಗಳಲ್ಲಿಯೇ ಇದೆ, ಊಟವೂ ಆದಷ್ಟು ಮಟ್ಟಿಗೆ ಅವರ ಧರ್ಮಕ್ಕೆ, ಸಂಸ್ಕೃತಿಗೆ ಹೊಂದಬೇಕೆಂದಿದೆ. ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಡುವ ಹಾಸ್ಪೈಸ್ ತಂಡದಲ್ಲಿ ವೈದ್ಯರು, ದಾದಿ, ಸಮಾಜ ಕಾರ್ಯಕರ್ತರ ಜೊತೆಗೆ ಒಬ್ಬ ಧಾರ್ಮಿಕ ಅಥವಾ ಬೇರೆ ಬಗೆಯ ಸಮಾಲೋಚಕರೂ ಇರಲೇಬೇಕು. ನಿಯಮ ಇದ್ದರೂ ನನ್ನ ಅತ್ತೆಯವರಿಗೆ ಮೊದಲ ತಿಂಗಳು ಏಕಾದಶಿಯ ದಿನವೂ ಅನ್ನವೇ ಬರುತ್ತಿತ್ತು, ಯಾಕೆಂದರೆ ನಾವು ಹೇಳಿರಲಿಲ್ಲ.

ಅವರ ಬಳಿಗೆ ಬರುತ್ತಿದ್ದ ಚಾಪ್ಲೆನ್, ಅಂದರೆ ಧಾರ್ಮಿಕ ಸಮಾಲೋಚಕಿ, ಪ್ರಾಟೆಸ್ಟೆಂಟ್ ಮಹಿಳೆ. ಅತ್ತೆಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಅತ್ತೆ ಸಹಸ್ರನಾಮ ಹೇಳುವಾಗ ಆಕೆ ಕಣ್ಣು ಮುಚ್ಚಿ ಕೊನೆಯವರೆಗೂ ಕೂತಿರುತ್ತಿದ್ದರು. “ಆ ಹೆಂಗಸು ಬಂದ ದಿನ ನಾನು ಶ್ಲೋಕ ನುಂಗುವುದಿಲ್ಲ” ಎನ್ನುತ್ತಿದ್ದರು ಅತ್ತೆ.

ದಾವಣಗೆರೆಯ ಮೇಲ್ವಿಚಾರಕ
ಸಾವಿನ ವಿಷಯವನ್ನು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಮೊದಲು ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರು ಹೆದರುತ್ತಾರೆಂದು ರಾತ್ರಿಯೇ ಹಿಂಬಾಗಿಲಿನಿಂದ ಸಾಗಿಸಿ, ಬೆಳಿಗ್ಗೆ “ಮಗನ ಮನೆಗೆ ಹೋದರು” ಎನ್ನುತ್ತಿದ್ದೆವು. ಯಾರೂ ನಂಬುತ್ತಿರಲಿಲ್ಲ. ಪಕ್ಕದ ಮಂಚದ ಅಜ್ಜಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ನನ್ನನ್ನೂ ಹೀಗೇ ಕದ್ದು ಒಯ್ಯುತ್ತೀರಾ?” ಅಂದಿನಿಂದ ಮುಂಬಾಗಿಲಿನಿಂದಲೇ ಕಳುಹಿಸುತ್ತೇವೆ. ಬರಬಯಸಿದವರು ಬಂದು ಹೂವು ಇಡುತ್ತಾರೆ, ಬೇಡವೆನ್ನುವವರು ಕೋಣೆಯಲ್ಲಿರುತ್ತಾರೆ. ಊಟದ ಮನೆಯಲ್ಲಿ ಅವರ ಕುರ್ಚಿಯನ್ನು ಮೂರು ದಿನ ಖಾಲಿ ಬಿಡುತ್ತೇವೆ. ಹೆದರಿಕೆ ಹೆಚ್ಚಲಿಲ್ಲ, ರಾತ್ರಿಯ ಕರೆಗಂಟೆ ಕಡಿಮೆಯಾಯಿತು.

ಇನ್ನೊಂದು ಮಾತು ಹಾವೇರಿಯ ತಂಗಿಗೆ, ಬೇಸರಿಸಬೇಡಿ. ನಮ್ಮ ಕಡೆ ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಉಸಿರು ನಿಂತ ಕೆಲವೇ ಗಂಟೆಗಳಲ್ಲಿ ಮೈ ಸೆಟೆಯುತ್ತದೆ, ಆಮೇಲೆ ಕೂರಿಸುವುದು ಕಷ್ಟ. ಎಲ್ಲರನ್ನೂ ಸುಡುವುದೇ ರೂಢಿಯೆಂದುಕೊಂಡು ಮಲಗಿಸಿಯೇ ಇಟ್ಟು, ಬಂದ ಮಕ್ಕಳ ಎದುರು ನಾವು ತಲೆ ತಗ್ಗಿಸಿದ್ದೇವೆ. ಅದನ್ನೂ ಬರೆಸಿಡಿ.

ನಿವೃತ್ತ ಲೆಕ್ಕಾಧಿಕಾರಿ
ಇಂದು ಬೆಳಿಗ್ಗೆ ಅಣ್ಣನನ್ನು ನೋಡಲು ಹೋಗಿದ್ದೆ. ಭಜನೆ ಇಷ್ಟವೇ ಎಂದು ಮೊದಲ ಬಾರಿಗೆ ಕೇಳಿದೆ. “ಇಷ್ಟವೇ, ಆದರೆ ನನಗೆ ಕೇಳಿಸುವುದಿಲ್ಲ” ಎಂದ. ಶ್ರವಣಯಂತ್ರದ ಬ್ಯಾಟರಿ ಮುಗಿದು ಐದು ತಿಂಗಳಾಗಿತ್ತಂತೆ. ಹೊಸದು ಹಾಕಿಸಿ ಬಂದೆ. ಸಂಬಳದ ಪ್ರಶ್ನೆ ಇನ್ನೂ ಉಳಿದಿದೆ, ಆದರೆ ಅದನ್ನು ಕೇಳುವ ಮೊದಲು ನಾನು ಮಾಡಬೇಕಾದದ್ದು ಬಾಕಿಯಿತ್ತು.

ಹಾವೇರಿಯ ಮಗಳು
ಎಲ್ಲರಿಗೂ ಶರಣು. ಸೋಮವಾರ ವ್ಯವಸ್ಥಾಪಕರನ್ನು ಭೇಟಿಯಾದೆ. ದೂರು ಎನ್ನದೆ, ಒಂದು ಪುಟದ ಬರಹ ಎಂದು ಕೊಟ್ಟೆ: ಅವ್ವ ಬೆಳಿಗ್ಗೆ ಏನು ಮಾಡುತ್ತಾಳೆ, ಕೊರಳಿನಲ್ಲಿರುವುದು ಏನು, ಸ್ನಾನದಲ್ಲೂ ಅದು ಯಾಕೆ ಮೈಮೇಲೆ ಇರಬೇಕು, ಯಾವಾಗ ಸುಮ್ಮನೆ ಬಿಡಬೇಕು, ಕೊನೆಗೆ ಏನಾಗಬೇಕು. ಕೊನೆಯದನ್ನು ಬರೆಯುವ ಮೊದಲು ಅವ್ವನನ್ನೇ ಕೇಳಿದೆ. ಕೈ ನಡುಗಿತು. ಅವಳು ನನಗಿಂತ ಸಲೀಸಾಗಿ ಹೇಳಿದಳು, ಯಾವ ಸೀರೆ ಉಡಿಸಬೇಕೆಂಬುದನ್ನೂ.

ಲಿಂಗ ಈಗ ಬಟ್ಟೆಯ ವಸ್ತ್ರದಲ್ಲಿದೆ. ಬೆಳಗಿನ ಆಯಾ ಎಡಗೈಗೆ ಆಸರೆಯಾಗಿ ದಿಂಬು ಇಟ್ಟು, ವಿಭೂತಿ ಕೈಗೆ ಕೊಟ್ಟು, ಹತ್ತು ನಿಮಿಷ ಪಕ್ಕದ ಮಂಚದ ಕೆಲಸ ಮಾಡುತ್ತಾಳೆ. ತಿಂಡಿ ಹೊಟ್ಟೆಗೆ ಹೋಗುತ್ತಿದೆ. ಸಿರಪ್ಪು ನಿಲ್ಲಿಸಿದ್ದಾರೆ, ಮಾತ್ರೆಯ ಬಗ್ಗೆ ಡಾಕ್ಟರು ಮುಂದಿನ ವಾರ ನೋಡುವುದಾಗಿ ಹೇಳಿದ್ದಾರೆ. ವ್ಯವಸ್ಥಾಪಕರು ಆ ಪುಟವನ್ನು ಎಲ್ಲರ ಅರ್ಜಿಗೂ ಸೇರಿಸಲು ಒಪ್ಪಿದ್ದಾರೆ, ಆದರೆ ಪ್ರಶ್ನೆಗಳನ್ನು ಕನ್ನಡದಲ್ಲಿ ಯಾರಾದರೂ ಬರೆದುಕೊಡಿ ಎನ್ನುತ್ತಾರೆ. ಸಿಸ್ಟರ್, ನಿಮ್ಮಲ್ಲಿ ಏನಾದರೂ ಇದೆಯೇ?

ರಾತ್ರಿ ಪಾಳಿಯ ಸಿಸ್ಟರ್
ಬರೆದದ್ದು ಇಲ್ಲ, ಇವತ್ತಿನ ಪಾಳಿಯಲ್ಲಿ ಎರಡರ ನಂತರ ಬಿಡುವಾದರೆ ಬರೆಯುತ್ತೇನೆ. ಮೇಷ್ಟ್ರೇ, ದೇವರನ್ನು ನಂಬದವರನ್ನು ಏನು ಕೇಳಬೇಕೆಂದು ನೀವು ಒಂದೆರಡು ಸಾಲು ಕಳುಹಿಸಿ.

ಕೊಠಡಿ ಹದಿನಾಲ್ಕು
“ರಾತ್ರಿ ನಿದ್ದೆ ಬಾರದಾಗ ಯಾವುದನ್ನು ಯೋಚಿಸುತ್ತೀರಿ?” ಎಂದು ಬರೆಯಿರಿ. ಆ ಕ್ರೈಸ್ತ ಅಜ್ಜಿಯನ್ನೂ ಕೇಳಿದೆ, ಸೋದರಿ. ಭಾನುವಾರ ಚರ್ಚಿನಿಂದ ಬರುತ್ತಿದ್ದಾರೆ. ಅವತ್ತು ಸಂಜೆ ಅವರನ್ನು ಹಾಲ್‌ಗೆ ತಳ್ಳಿಕೊಂಡು ಹೋಗಬಾರದೆಂದು ಹೇಳುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.